ಎಲ್ಲ ಸ್ಯಾಂಡ್‌ವಿಚ್‌ಗೂ ಏಳೇ ಅಂಕ ಬೀಳುತ್ತಿದ್ದರೆ

ಕಾರವಾರದ ನಿಮ್ಮ ಕಚೇರಿಯಲ್ಲಿ ಶುಕ್ರವಾರದ ಊಟಕ್ಕೆ ಯಾವ ಅಂಗಡಿಯ ಸ್ಯಾಂಡ್‌ವಿಚ್ ಬಂದರೂ ಹತ್ತಕ್ಕೆ ಏಳೇ ಅಂಕ ಬೀಳಲು ಕಾರಣ, ಬಹುಶಃ, ಅಂಕವನ್ನು ಬಾಯಲ್ಲಿ ಹೇಳಿಸುತ್ತಿರುವುದು. ಸಾಹೇಬರು ಮೊದಲು ‘ಏಳು’ ಎಂದುಬಿಟ್ಟರೆ ಉಳಿದವರು ನಾಲ್ಕು ಎನ್ನುವುದುಂಟೇ? ಶಿರಸಿಯ ನಮ್ಮ ಕಚೇರಿಯಲ್ಲೂ ಹೀಗೇ ಆಗುತ್ತಿತ್ತು.

ಮೊದಲು ಚೀಟಿ ಹಂಚಿ. ಬರೆದು ಮುಗಿಯುವವರೆಗೆ ರುಚಿಯ ಮಾತು ಬೇಡ. ಪ್ರತಿ ಅಂಗಡಿಯಿಂದಲೂ ಒಂದೇ ಬಗೆಯದನ್ನು, ಸಾದಾ ತರಕಾರಿಯದನ್ನು ತರಿಸಿ. ಒಂದು ವಾರ ಚೀಸ್ ತಿಂದ ನಾಲಿಗೆ ಮರುವಾರ ಬರೀ ಸೌತೆಕಾಯಿಗೆ ನ್ಯಾಯ ಕೊಡುವುದಿಲ್ಲ. ಬಳಿಕ ಬ್ರೆಡ್, ಒಳಗಿನ ತರಕಾರಿ, ಚಟ್ನಿ ಮೂರಕ್ಕೂ ಬೇರೆ ಬೇರೆ ಅಂಕ.

ಬ್ರೆಡ್ಡಿಗೆ ಅಂಕ ಕೊಡುವ ಮುನ್ನ ಅಡಿಯ ಹೋಳನ್ನು ಬೆರಳಿನಿಂದ ಒತ್ತಿ ನೋಡಿ. ಗುಳಿ ಮೇಲೇಳದೆ ಬೆರಳಿಗೆ ಹಸಿರು ನೀರು ಅಂಟಿದರೆ, ಉಪ್ಪು ಬಿದ್ದ ಸೌತೆಕಾಯಿ ನೀರು ಬಿಟ್ಟಿದೆ, ಬೆಣ್ಣೆಯನ್ನು ಅಂಚಿನವರೆಗೆ ಸವರಿಲ್ಲ. ಅದು ಅಂಗಡಿಯ ತಪ್ಪು, ಅಂಕ ಕಡಿಯಿರಿ. ಟೋಸ್ಟ್ ಮಾಡಿದ್ದು ಮುಚ್ಚಿದ ಡಬ್ಬಿಯೊಳಗೆ ಬೆವರಿ ಮೆತ್ತಗಾಗಿದ್ದರೆ ಪಾರ್ಸೆಲ್‌ನ ದೋಷ. ಮುಂದಿನ ವಾರ ಕಾಗದದಲ್ಲಿ ಸುತ್ತಿಕೊಡಲು ಹೇಳಿ, ಆಮೇಲೆ ತೀರ್ಪು.

ಮಳೆಗಾಲದ ಅಂಕವನ್ನು ಬೇಸಿಗೆಯದರೊಂದಿಗೆ ಹೋಲಿಸಬಹುದೇ ಎಂಬುದು ನನಗೂ ಖಚಿತವಿಲ್ಲ. ನಾವು ಬೇರೆ ಪುಟದಲ್ಲಿ ಬರೆದಿಡುತ್ತೇವೆ. ಸಾಹೇಬರ ಚೀಟಿಯನ್ನು ಮಾತ್ರ ಕೊನೆಗೆ ಬಿಡಿಸಿ.