ವಜ್ರದ ಉಂಗುರ ಮಂಕಾಗಿದೆ, ಮನೆಯಲ್ಲೇ ತೊಳೆಯುವುದು ಹೇಗೆ?

ಮಂಕಾಗಿರುವುದು ಕಲ್ಲಲ್ಲ, ಅದಕ್ಕೆ ಅಂಟಿದ ಜಿಡ್ಡು. ವಜ್ರಕ್ಕೆ ಎಣ್ಣೆ ಬೇಗ ಹಿಡಿಯುತ್ತದೆ. ತಲೆಗೆ ಹಚ್ಚುವ ಎಣ್ಣೆ, ಕ್ರೀಮು, ಸೋಪು ಎಲ್ಲ ಕಲ್ಲಿನ ಅಡಿಗೆ ಸೇರುತ್ತದೆ. ಒಳಗೆ ಹೋದ ಬೆಳಕು ಅಡಿಯಿಂದ ತಿರುಗಿ ಮೇಲೆ ಬಂದರೆ ತಾನೇ ಹೊಳಪು? ಮೇಲೆ ಒರೆಸಿದರೆ ಸಾಲದು.

ಮೊದಲು ಉಂಗುರವನ್ನು ಕಿವಿ ಹತ್ತಿರ ಅಲ್ಲಾಡಿಸಿ. ಸದ್ದು ಬಂದರೆ ಕಲ್ಲು ಸಡಿಲ, ಸೀದಾ ಚಿನ್ನದಂಗಡಿಗೆ ಒಯ್ಯಿರಿ. ಇಲ್ಲದಿದ್ದರೆ ಬಟ್ಟಲಲ್ಲಿ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಅರ್ಧ ಗಂಟೆ ನೆನೆಸಿ. ಆಮೇಲೆ ಮಕ್ಕಳ ಮೆತ್ತನೆ ಬ್ರಷ್‌ನಿಂದ ಹಿಂಬದಿ ಮತ್ತು ಸಂದಿಗಳನ್ನು ನಿಧಾನಕ್ಕೆ ಉಜ್ಜಿ. ಇನ್ನೊಂದು ಬಟ್ಟಲಿನ ನೀರಲ್ಲಿ ಜಾಲಿಸಿ, ಹತ್ತಿ ಬಟ್ಟೆಯಲ್ಲಿ ಒರೆಸಿ. ದಯವಿಟ್ಟು ಸಿಂಕ್ ಮೇಲೆ ತೊಳೆಯಬೇಡಿ, ಜಾರಿದರೆ ಹೋಯಿತು.

ಟೂತ್‌ಪೇಸ್ಟ್ ಬೇಡವೇ ಬೇಡ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಅಪ್ಪಟ ಚಿನ್ನ ಬರೀ 2.5ರಿಂದ 3. ಕಲ್ಲಿಗೆ ಏನೂ ಆಗದು, ಚಿನ್ನಕ್ಕೆ ಗೀರು ಬೀಳುತ್ತದೆ. ಬ್ಲೀಚ್ ಇನ್ನೂ ಕೆಟ್ಟದ್ದು, ಅದರ ಕ್ಲೋರಿನ್ ಚಿನ್ನದ ಮಿಶ್ರಲೋಹವನ್ನೇ ತಿನ್ನುತ್ತದೆ.

ಜೊತೆಗೆ ಮುತ್ತು, ಪಚ್ಚೆ ಇದ್ದರೆ ನೆನೆಸಬೇಡಿ. ಅಜ್ಜಿ ಕಾಲದ, ಹಿಂಬದಿ ಮುಚ್ಚಿರುವ ವಜ್ರದೋಲೆಯನ್ನೂ ಅಷ್ಟೇ. ಒಳಗೆ ಹೊಕ್ಕ ನೀರು ಹೊರಗೆ ಬರುವುದೇ ಕಷ್ಟ.