ಅಷ್ಕೆಲೋನ್‌ಗೆ ಹೊರಟ ತಂಗಿಗೆ: ಸೈರನ್, ಮಮಾದ್, ಮೂವತ್ತು ಸೆಕೆಂಡ್

ತಂಗಿ, ನಿನ್ನ ಪ್ರಶ್ನೆ ಓದಿದೆ. ಇಸ್ರೇಲಿನ ಅಷ್ಕೆಲೋನ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ವೀಸಾ ಬಂದಿದೆ, ಟಿವಿ ನೋಡಿ ಅಮ್ಮ ಹೋಗಬೇಡ ಅಂತ ಅಳುತ್ತಿದ್ದಾರೆ, ಯುದ್ಧದ ಊರಲ್ಲಿ ಜನ ದಿನಾ ಹೇಗೆ ಬದುಕುತ್ತಾರೆ ಅಕ್ಕ ಅಂತ ಕೇಳಿದ್ದೀಯ. ಸಂಬಳ, ರಜೆ, ವೀಸಾ ವಿಷಯ ಹೇಳುವವರು ತುಂಬಾ ಜನ ಇದ್ದಾರೆ. ನಾನು ಯುದ್ಧದ ಮಾತು ಮಾತ್ರ ಹೇಳುತ್ತೇನೆ. ಅದನ್ನು ಏಜೆಂಟರು ಬಿಡಿಸಿ ಹೇಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಆ ಮನೆಯಲ್ಲಿ ಮಮಾದ್ ಇದೆಯಾ ಅಂತ. ಮಮಾದ್ ಅಂದರೆ ಮನೆಯೊಳಗೇ ಇರುವ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ಕಬ್ಬಿಣದ ಬಾಗಿಲು, ಕಿಟಕಿಗೂ ಕಬ್ಬಿಣದ ಪಲಕ. ಸೈರನ್ ಆದರೆ ಎಲ್ಲರೂ ಅದರೊಳಗೆ. ಆದರೆ ಹಳೆ ಕಟ್ಟಡಗಳಲ್ಲಿ ಇದು ಇರುವುದಿಲ್ಲ. 1991ರ ಗಲ್ಫ್ ಯುದ್ಧದಲ್ಲಿ ಇರಾಕ್ ಇಸ್ರೇಲ್ ಮೇಲೆ ಸುಮಾರು 40 ಸ್ಕಡ್ ಕ್ಷಿಪಣಿ ಹಾರಿಸಿತು. ಆಮೇಲೆಯೇ ಹೊಸ ಮನೆಗೆ ಮಮಾದ್ ಕಡ್ಡಾಯ ಅಂತ ಕಾನೂನು ಬಂತು. ನಾನಿರುವುದು ಟೆಲ್ ಅವೀವ್ ಪಕ್ಕದ ರಮತ್ ಗಾನ್‌ನಲ್ಲಿ. ಆಗ ಜಾಸ್ತಿ ಪೆಟ್ಟು ತಿಂದ ಊರು ಇದು. ನಾನು ನೋಡಿಕೊಳ್ಳುವ ಅಜ್ಜಿ ಇರಾಕಿನ ಬಾಗ್ದಾದ್‌ನಲ್ಲಿ ಹುಟ್ಟಿದವರು. ತಾನು ಹುಟ್ಟಿದ ದೇಶದಿಂದಲೇ ಬಂದ ಸ್ಕಡ್‌ಗೆ ಹೆದರಿ, ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿ, ಗ್ಯಾಸ್ ಮಾಸ್ಕ್ ಹಾಕಿ ಕೂತಿದ್ದೆ ಅಂತ ಈಗಲೂ ಹೇಳುತ್ತಾರೆ.

ಎರಡನೆಯದು ಸೆಕೆಂಡಿನ ಲೆಕ್ಕ. ಗಾಜಾ ಗಡಿಯ ಊರುಗಳಿಗೆ 15 ಸೆಕೆಂಡ್, ಅಷ್ಕೆಲೋನ್‌ಗೆ 30, ಬೆಎರ್ ಶೆವಾಗೆ 60, ನಮಗೆ 90. ಸೈರನ್ ಶುರುವಾದ ಮೇಲೆ ಅಷ್ಟರೊಳಗೆ ಒಳಗಿರಬೇಕು. ನೀನು ಗಟ್ಟಿ ಹುಡುಗಿ, ನಿನ್ನ ಮಟ್ಟಿಗೆ ಮೂವತ್ತು ಸೆಕೆಂಡ್ ಸಾಕು. ಆದರೆ ನಿನ್ನ ಕೆಲಸ ಓಡುವುದಲ್ಲ, ಇನ್ನೊಬ್ಬರನ್ನು ನಡೆಸಿಕೊಂಡು ಹೋಗುವುದು. ಅಜ್ಜಿ ಎಷ್ಟು ಬೇಗ ನಡೆಯುತ್ತಾರೋ ನೀನೂ ಅಷ್ಟೇ ಬೇಗ. ಈ ಕೆಲಸದ ಅಪಾಯವೆಲ್ಲ ಇರುವುದು ಅಲ್ಲೇ.

2021ರ ಮೇ 11ರಂದು ಅಷ್ಕೆಲೋನ್‌ನಲ್ಲೇ ಕೇರಳದ ಒಬ್ಬ ಹೆಣ್ಣುಮಗಳು ರಾಕೆಟ್ ಬಿದ್ದು ತೀರಿಕೊಂಡಳು. ನಮ್ಮದೇ ಕೆಲಸದವಳು. ಊರಲ್ಲಿದ್ದ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಆದದ್ದು. ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಗೂ ಗಾಯವಾಯಿತು. ನಿನ್ನನ್ನು ಹೆದರಿಸಬೇಕು ಅಂತ ಹೇಳುತ್ತಿಲ್ಲ. ಅದೇ ಊರಿಗೆ ಹೊರಟವಳಿಗೆ ಇದು ಗೊತ್ತಿರಬೇಕು.

ನಮ್ಮ ಮನೆಯಲ್ಲಿ ರಾತ್ರಿ ಹೀಗೆ ಮಾಡುತ್ತೇನೆ. ವಾಕರನ್ನು ಮಂಚದ ಪಕ್ಕ, ಮಮಾದ್ ಬಾಗಿಲಿನ ಕಡೆಗೇ ತಿರುಗಿಸಿ ಇಡುತ್ತೇನೆ. ದಾರಿಯಲ್ಲಿ ಚಾಪೆ, ಸ್ಟೂಲ್, ಚಾರ್ಜರ್ ವಯರು ಏನೂ ಇರುವುದಿಲ್ಲ. ಚಪ್ಪಲಿಗೆ ಹಿಂದೆ ಪಟ್ಟಿ ಇದೆ, ಜಾರುವುದಿಲ್ಲ. ಮಲಗುವಾಗ ಅಜ್ಜಿ ಕಿವಿಯ ಮಿಷನ್ ತೆಗೆದಿಡುತ್ತಾರೆ, ಹಾಗಾಗಿ ಸೈರನ್ ಅವರಿಗೆ ಕೇಳಿಸುವುದೇ ಇಲ್ಲ. ಲೈಟ್ ಹಾಕಿ, ಭುಜ ಮುಟ್ಟಿ, ನನ್ನ ಮುಖ ಕಾಣುವ ಹಾಗೆ ನಿಲ್ಲುತ್ತೇನೆ. ಕೂಗುವುದಿಲ್ಲ. ಕೂಗಿದರೆ ಗಾಬರಿಯಾಗಿ ಕಾಲು ಎತ್ತಿಡಲಾರರು. ಕಂಕುಳ ಕೆಳಗೆ ಕೈ ಕೊಟ್ಟು ಎಬ್ಬಿಸಿ, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಹೆಜ್ಜೆ. ದಡಕ್ಕನೆ ಎಬ್ಬಿಸಿದರೆ ತಲೆ ಸುತ್ತಿ ಬೀಳುತ್ತಾರೆ. ಸೊಂಟ ಮುರಿದರೆ ಈ ವಯಸ್ಸಿನಲ್ಲಿ ರಾಕೆಟ್‌ನಷ್ಟೇ ಅಪಾಯ. ಒಳಗೆ ಮೊದಲೇ ಎರಡು ಕುರ್ಚಿ, ನೀರು, ಮಾತ್ರೆ ಡಬ್ಬಿ, ಡಯಾಪರ್, ಫೋನ್ ಪವರ್ ಬ್ಯಾಂಕ್ ಇಟ್ಟಿರುತ್ತೇನೆ. ಸದ್ದು ನಿಂತ ಮೇಲೂ ಹತ್ತು ನಿಮಿಷ ಹೊರಗೆ ಬರಬಾರದು. ಐರನ್ ಡೋಮ್ ಆಕಾಶದಲ್ಲಿ ರಾಕೆಟ್ ಒಡೆದ ಮೇಲೂ ಕಬ್ಬಿಣದ ಚೂರು ಬೀಳುತ್ತಲೇ ಇರುತ್ತವೆ. ರಸ್ತೆಯಲ್ಲಿ ಇದ್ದಾಗ ಸೈರನ್ ಆಗಿ, ಹತ್ತಿರ ಆಸರೆ ಏನೂ ಇಲ್ಲದಿದ್ದರೆ, ನೆಲಕ್ಕೆ ಬೋರಲು ಮಲಗಿ ತಲೆ ಮೇಲೆ ಕೈ ಇಟ್ಟುಕೋ. ನಾಚಿಕೆ ಬೇಡ, ಎಲ್ಲರೂ ಹಾಗೇ ಮಲಗುತ್ತಾರೆ.

ಈ ಯುದ್ಧದಲ್ಲಿ ಒಂದು ಕಡೆ ವಿಮಾನ, ಟ್ಯಾಂಕ್ ಇರುವ ದೊಡ್ಡ ಸೈನ್ಯ. ಇನ್ನೊಂದು ಕಡೆ ಕೈಗೆ ಸಿಕ್ಕಿದ್ದರಲ್ಲೇ ಆಯುಧ ಮಾಡಿಕೊಳ್ಳುವವರು. 2001ರಲ್ಲಿ ಗಾಜಾದಿಂದ ಮೊದಲ ಕಸ್ಸಾಮ್ ರಾಕೆಟ್ ಬಂದಾಗ ಅದು ಬರೀ ಕಬ್ಬಿಣದ ಪೈಪು, ಬಾಲಕ್ಕೆ ಬೆಸುಗೆ ಹಾಕಿದ ರೆಕ್ಕೆ. ಎಲ್ಲಿ ಬೀಳುತ್ತದೆ ಅಂತ ಹಾರಿಸಿದವರಿಗೂ ಗೊತ್ತಿಲ್ಲ. ಆ ಪೈಪಿನಿಂದಾಗಿ ಗಡಿಯ ಸ್ದೆರೋತ್ ಊರಲ್ಲಿ ಬಸ್ ಸ್ಟಾಪುಗಳನ್ನೂ ಕಾಂಕ್ರೀಟಿನಲ್ಲಿ ಕಟ್ಟಬೇಕಾಯಿತು. 2018ರಲ್ಲಿ ಗಾಳಿಪಟಕ್ಕೂ ಬಲೂನಿಗೂ ಬೆಂಕಿ ಕಟ್ಟಿ ಗಡಿ ದಾಟಿಸಿದರು. ಗೋಧಿ ಹೊಲ ಸುಟ್ಟು ಕಪ್ಪಾಯಿತು. ಬೀದಿಯಲ್ಲಿ ಬಲೂನ್ ಕಂಡರೆ ಮುಟ್ಟಬೇಡಿ ಅಂತ ಮಕ್ಕಳಿಗೆ ಕಲಿಸುವ ಹಾಗಾಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆದದ್ದು ಅದನ್ನು ಕೇಳಿ.

ಅದಕ್ಕೂ ಮೊದಲು ಬಸ್ಸುಗಳಲ್ಲಿ ಬಾಂಬ್ ಸಿಡಿಯುತ್ತಿದ್ದ ಕಾಲ. 2003ರ ಜನವರಿಯಲ್ಲಿ ಟೆಲ್ ಅವೀವ್‌ನ ಹಳೆ ಬಸ್ ನಿಲ್ದಾಣದ ಹತ್ತಿರ ಇಬ್ಬರು ಮೈಗೆ ಬಾಂಬ್ ಕಟ್ಟಿಕೊಂಡು ಬಂದು ಸಿಡಿಸಿಕೊಂಡರು. 23 ಜನ ಸತ್ತರು. ಅದು ನಮ್ಮಂಥ ಹೊರದೇಶದ ಕೆಲಸಗಾರರು ಓಡಾಡುವ ಜಾಗ, ಸತ್ತವರಲ್ಲಿ ಅಂಥವರೂ ಇದ್ದರು. ಮಾಲ್ ಬಾಗಿಲಲ್ಲಿ ಬ್ಯಾಗ್ ತೆರೆದು ನೋಡುವ ಪದ್ಧತಿ ಆ ದಿನಗಳಿಂದ ಉಳಿದದ್ದು. ನಿನ್ನ ಬ್ಯಾಗನ್ನು ಬೆಂಚಿನ ಮೇಲೆ ಬಿಟ್ಟು ಎಲ್ಲಿಗೂ ಹೋಗಬೇಡ. ಪೊಲೀಸರು ರಸ್ತೆ ಮುಚ್ಚಿ ರೋಬೋಟ್ ತರಿಸುತ್ತಾರೆ.

2023ರ ಅಕ್ಟೋಬರ್ 7 ಶನಿವಾರ, ಹಬ್ಬದ ದಿನ. ಬೆಳಿಗ್ಗೆ ಆರೂವರೆಗೆ ರಾಕೆಟ್ ಶುರು. ಇಷ್ಟು ವರ್ಷ ನೋಡಿದ್ದೇ ಅಲ್ವಾ ಅಂದುಕೊಂಡು ಎಲ್ಲರೂ ಮಮಾದ್ ಒಳಗೆ ಹೋದರು. ಆ ಹೊತ್ತಿಗೇ ಗಡಿಯಲ್ಲಿ ಹಮಾಸ್‌ನವರು ಸಣ್ಣ ಡ್ರೋನ್‌ಗಳಿಂದ ಕಾವಲು ಗೋಪುರದ ಕ್ಯಾಮೆರಾ ಮೇಲೆ ಬಾಂಬ್ ಹಾಕಿದರು. ಬುಲ್ಡೋಜರಿನಿಂದ ಬೇಲಿ ಕಿತ್ತರು. ಕೆಲವರು ಮೋಟಾರ್ ಕಟ್ಟಿದ ಪ್ಯಾರಾಗ್ಲೈಡರ್‌ನಲ್ಲಿ ಹಾರಿ ಬಂದರು. ಕೋಟಿಗಟ್ಟಲೆ ಸುರಿದು ಕಟ್ಟಿದ ಬೇಲಿ ಕೆಲಸಕ್ಕೆ ಬರಲಿಲ್ಲ. ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಹಿಡಿದುಕೊಂಡು ಹೋದರು. ತೋಟದ ಕೆಲಸಕ್ಕೆ ಬಂದಿದ್ದ ಥಾಯ್ಲೆಂಡಿನವರು, ಕೇರ್‌ಗಿವರ್ ಆಗಿದ್ದ ಫಿಲಿಪೀನ್ಸ್‌ನವರು ಎಷ್ಟೋ ಜನ ಸತ್ತರು.

ಆ ದಿನ ನಮಗೆಲ್ಲ ಒಂದು ವಿಷಯ ಗೊತ್ತಾಯಿತು. ಮಮಾದ್ ಬಾಗಿಲು ರಾಕೆಟ್ ತಡೆಯಲು ಮಾಡಿದ್ದು, ಮನುಷ್ಯರನ್ನಲ್ಲ. ಕಟ್ಟಡ ಬಿದ್ದರೆ ಹೊರಗಿನವರು ತೆಗೆದು ಕಾಪಾಡಲಿ ಅಂತ ಒಳಗಿನಿಂದ ಬೀಗವೇ ಇಟ್ಟಿರಲಿಲ್ಲ. ಗಡಿಯ ಒಂದು ಕಿಬ್ಬುತ್ಸ್‌ನಲ್ಲಿ, ಅಂದರೆ ಜನ ಒಟ್ಟಾಗಿ ದುಡಿದು ಬದುಕುವ ಹಳ್ಳಿಯಲ್ಲಿ, ಕೇರಳದ ಇಬ್ಬರು ಹೆಣ್ಣುಮಕ್ಕಳು ತಮ್ಮ ಅಜ್ಜ ಅಜ್ಜಿಯನ್ನು ಒಳಗೆ ಕೂರಿಸಿ, ಬಂದೂಕು ಹಿಡಿದವರು ಹೊರಗಿನಿಂದ ಎಳೆಯುತ್ತಿದ್ದರೂ ಬಾಗಿಲಿನ ಹಿಡಿಯನ್ನು ಗಂಟೆಗಟ್ಟಲೆ ಹಿಡಿದು ನಿಂತರು. ಮನೆಯೆಲ್ಲ ಲೂಟಿಯಾಯಿತು, ನಾಲ್ವರೂ ಬದುಕಿದರು. ಇಸ್ರೇಲ್ ರಾಯಭಾರ ಕಚೇರಿಯೇ ಅವರನ್ನು ಹೊಗಳಿ ಬರೆಯಿತು. ಆಮೇಲೆ ಜನ ಮಮಾದ್ ಬಾಗಿಲಿಗೆ ಒಳಗಿನಿಂದ ಹಾಕುವ ಅಡ್ಡಪಟ್ಟಿ ಕೊಂಡರು. ನೀನು ಹೋಗುವ ಮನೆಯಲ್ಲಿ ಇಲ್ಲದಿದ್ದರೆ ಅಜ್ಜಿಯ ಮಕ್ಕಳ ಹತ್ತಿರ ಹೇಳಿ ಹಾಕಿಸು.

ಆಮೇಲಿನ ಎರಡು ವರ್ಷ ಒಂದರ ಹಿಂದೆ ಒಂದು. ಉತ್ತರದ ಲೆಬನಾನಿನಿಂದ ಹೆಜ್ಬುಲ್ಲಾ, ದೂರದ ಯೆಮನ್‌ನಿಂದ ಹೂತಿಗಳು ರಾಕೆಟ್, ಡ್ರೋನ್ ಹಾರಿಸಿದರು. 2024ರ ಜುಲೈನಲ್ಲಿ ಟೆಲ್ ಅವೀವ್ ಮೇಲೆ ಬಿದ್ದ ಹೂತಿ ಡ್ರೋನ್ ರಾತ್ರಿ ಸಮುದ್ರದ ಕಡೆಯಿಂದ ಬಂತು, ಸೈರನ್ನೇ ಆಗಲಿಲ್ಲ. ಆ ವಿಡಿಯೋ ಕೇಳಿದರೆ ಹಳೆ ಲೂನಾ ಗಾಡಿ ಹೋದ ಹಾಗೆ ಸದ್ದು. ಜಿಪಿಎಸ್ ನಂಬಿ ಬರುವ ಡ್ರೋನ್‌ಗಳ ದಾರಿ ತಪ್ಪಿಸಲು ಸೈನ್ಯ ಸಿಗ್ನಲ್ ಕೆಡಿಸುತ್ತಿತ್ತು. ಆಗ ಟೆಲ್ ಅವೀವ್‌ನಲ್ಲಿ ನಿಂತವರ ಫೋನಿನ ಮ್ಯಾಪು ಬೇರೂತ್ ವಿಮಾನ ನಿಲ್ದಾಣ ತೋರಿಸುತ್ತಿತ್ತು. ನೀನು ಹೊಸಬಳು, ಮ್ಯಾಪನ್ನೇ ನೆಚ್ಚಿಕೊಳ್ಳಬೇಡ. ಮನೆಯ ವಿಳಾಸವನ್ನು ಹೀಬ್ರೂನಲ್ಲಿ ಬರೆಸಿ ಪರ್ಸಿನಲ್ಲಿಡು. 2025ರ ಜೂನ್‌ನಲ್ಲಿ ಇರಾನ್ ಜೊತೆ ಹನ್ನೆರಡು ದಿನದ ಯುದ್ಧ. ಆ ಕ್ಷಿಪಣಿಗಳು ಪೈಪಿನ ರಾಕೆಟ್ ಅಲ್ಲ. ನೇರವಾಗಿ ಬಿದ್ದ ಕಡೆ ಮಮಾದ್ ಕೂಡ ಉಳಿಯಲಿಲ್ಲ. ರಮತ್ ಗಾನ್‌ನಲ್ಲೂ ಬಿದ್ದವು. ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಊರಿಗೆ ಹೋಗಬೇಕಾದ ನಮ್ಮವರನ್ನು ಆಪರೇಷನ್ ಸಿಂಧು ಅಂತ ಜೋರ್ಡನ್, ಈಜಿಪ್ಟ್ ಗಡಿ ದಾಟಿಸಿ ಕಳಿಸಿದರು. ಹಾಗಾಗಿ ಬಂದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಬಿಡು. ಮುಂದಕ್ಕೆ ಹಾಕಬೇಡ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಅಷ್ಕೆಲೋನ್‌ನಿಂದ ಗಾಜಾ ಹದಿಮೂರು ಕಿಲೋಮೀಟರ್ ಅಷ್ಟೇ. ಅಲ್ಲಿ ಬಾಂಬ್ ಬಿದ್ದರೆ ನಿನ್ನ ಕಿಟಕಿ ಅದುರುತ್ತದೆ. ಆ ಕಡೆ ಮಮಾದ್ ಇಲ್ಲ, ಸೈರನ್ ಇಲ್ಲ, ಓಡಲು ಇನ್ನೊಂದು ಊರೂ ಇಲ್ಲ. ಗಾಜಾ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 2025ರ ಅಕ್ಟೋಬರ್ ಹೊತ್ತಿಗೆ ಸತ್ತವರು 67,000 ದಾಟಿದ್ದರು. ಅವರಲ್ಲಿ ಸಾವಿರಾರು ಮಕ್ಕಳು. ಅಲ್ಲೂ ವಾಕರ್ ಹಿಡಿದ ಅಜ್ಜಿಯರಿದ್ದಾರೆ, ಅವರನ್ನು ನಡೆಸುವ ಸೊಸೆಯಂದಿರಿದ್ದಾರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ರಾಜಕೀಯ ಮಾತಾಡಬೇಡ, ನಿನ್ನ ವೀಸಾಕ್ಕೆ ಅದು ಒಳ್ಳೆಯದಲ್ಲ. ಆದರೆ ಆ ಜನರಿಗಾಗಿ ಮರುಗುವುದಕ್ಕೆ ಯಾರಪ್ಪಣೆಯೂ ಬೇಡ. ನಾನು ದಿನಾ ಪ್ರಾರ್ಥನೆಯಲ್ಲಿ ಎರಡೂ ಕಡೆಯವರನ್ನು ನೆನೆಯುತ್ತೇನೆ.

ಅಮ್ಮನಿಗೆ ಹೀಗೆ ಹೇಳು: ಸೈರನ್ ಆದ ಮೇಲೆ ಒಳಗಿನಿಂದಲೇ "ಆರಾಮ" ಅಂತ ಒಂದು ಮೆಸೇಜ್ ಹಾಕುತ್ತೇನೆ, ಅದು ಬಂದರೆ ಟಿವಿ ಆಫ್ ಮಾಡಿ. ನೆಟ್‌ವರ್ಕ್ ತುಂಬಿಹೋದರೆ ಕಾಲ್ ಸಿಗುವುದಿಲ್ಲ, ಮೆಸೇಜ್ ಹೋಗುತ್ತದೆ. ಟೆಲ್ ಅವೀವ್‌ನ ಯಾಫೋದಲ್ಲಿರುವ ಚರ್ಚಿಗೆ ಬಂದರೆ ಕೊಂಕಣಿ, ತುಳು, ಕನ್ನಡ ಮಾತಾಡುವವರು ಸಿಗುತ್ತಾರೆ. ಒಂಟಿ ಅನ್ನಿಸಿದ ವಾರ ಸುಮ್ನೆ ಬಂದು ಕೂತರೂ ಸಾಕು.

ನಿನ್ನ ಪ್ರಶ್ನೆಗೆ ನನ್ನ ಉತ್ತರ: ಮನೆಯಲ್ಲಿ ಮಮಾದ್ ಇದ್ದರೆ ಬಾ, ಇಲ್ಲದಿದ್ದರೆ ಆ ಮನೆ ಬೇಡ. ಟಿಕೆಟ್ ಮಾಡಿಸುವ ಮೊದಲು ಅಜ್ಜಿಯ ಮಗಳಿಗೆ ವಿಡಿಯೋ ಕಾಲ್ ಮಾಡು. ಆ ಕೋಣೆ ತೋರಿಸಲು ಹೇಳು. ಅಜ್ಜಿಯನ್ನು ಮಂಚದಿಂದ ಎಬ್ಬಿಸಿ ಅಲ್ಲಿಯವರೆಗೆ ನಡೆಸಲು ಹೇಳಿ, ಗಡಿಯಾರ ನೋಡು. ಮೂವತ್ತು ಸೆಕೆಂಡ್ ದಾಟಿದರೆ ಮಂಚವನ್ನೇ ಮಮಾದ್ ಒಳಗೆ ಹಾಕಿ ಅನ್ನು. ತುಂಬಾ ಮನೆಗಳಲ್ಲಿ ಹಾಗೇ ಮಾಡಿದ್ದಾರೆ, ಕೇಳಲು ಸಂಕೋಚ ಬೇಡ. ಯುದ್ಧ ಜೋರಾದರೆ ನಿಮ್ಮಿಬ್ಬರನ್ನೂ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಯಾರು ಬರುತ್ತಾರೆ ಅಂತಲೂ ಈಗಲೇ ಕೇಳಿಕೋ. ಅವರು ಏನಂದರು ಅಂತ ನನಗೆ ಬರೆ, ನೋಡಿ ಹೇಳುತ್ತೇನೆ.