ಪ್ರತಿಕ್ರಿಯೆ: ಹಳೇ ಜಾವಾ ಬೈಕ್ ಫೋಟೋ ತೆಗೆದರೆ ಟ್ಯಾಂಕ್ ತುಂಬ ನಾನೇ ಕಾಣುತ್ತೇನೆ, ಏನು ಮಾಡಲಿ?
ತಪ್ಪು ಮೊಬೈಲ್‌ನದಲ್ಲ, ಬಹುಶಃ ನೀವು ನಿಂತ ಜಾಗದ್ದು. ಮಲ್ಲೇಶ್ವರದಲ್ಲಿ ಮಧ್ಯಾಹ್ನ, ಎರಡೇ ಅಡಿ ದೂರದಿಂದ ತೆಗೆದೆ ಅಂದಿದ್ದೀರಿ. ಜಾವಾ ಟ್ಯಾಂಕ್ ಪಕ್ಕದ ಕ್ರೋಮ್, ಅಂದರೆ ಹೊಳೆಯುವ ಲೋಹದ ಲೇಪ, ಉಬ್ಬಿದ ಕನ್ನಡಿ ಇದ್ದ ಹಾಗೆ. ಎದುರು ನಿಂತರೆ ನಿಮ್ಮ ಜೊತೆ ಹಿಂದಿನ ಎಳನೀರು ಗಾಡಿಯೂ ಅದರಲ್ಲಿ ಕಾಣುತ್ತದೆ.

ಮೊದಲು ಬೈಕಿನವರ ಒಪ್ಪಿಗೆ ಕೇಳಿ. ಬೆಳಗ್ಗೆ 7ರೊಳಗೆ, ಬಿಸಿಲು ರಸ್ತೆಗೆ ಇಳಿಯುವ ಮುಂಚೆ ಹೋಗಿ. ಹತ್ತು ಅಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಕುಕ್ಕರುಗಾಲಲ್ಲಿ ಕೂತು, ಮುಂದಿನ ಚಕ್ರದ ಕಡೆಯಿಂದ ಓರೆಯಾಗಿ ತೆಗೆಯಿರಿ. ಪ್ರತಿಬಿಂಬ ಪೂರ್ತಿ ಹೋಗಲ್ಲ, ಆದರೆ ಚಿಕ್ಕದಾಗುತ್ತದೆ. ಗಾಢ ಬಣ್ಣದ ಶರ್ಟ್ ಹಾಕಿ. ನನ್ನ ಹಳದಿ ಟೀ ಶರ್ಟ್ ಒಂದು ಭಾನುವಾರವನ್ನೇ ಹಾಳು ಮಾಡಿತ್ತು! ಆಮೇಲೆ ಮೊಬೈಲ್ ಪರದೆಯಲ್ಲಿ ಕ್ರೋಮ್ ಕಾಣುವ ಜಾಗದ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಕಮ್ಮಿ ಮಾಡಿ. ಬೆಳ್ಳಗೆ ಸುಟ್ಟ ಜಾಗ ಎಡಿಟಿಂಗ್‌ನಲ್ಲಿ ವಾಪಸ್ ಬರಲ್ಲ, ಕಪ್ಪಾದದ್ದು ಸುಮಾರಾಗಿ ಬರುತ್ತದೆ.

ನೀವು ಕೇಳಿದ, ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇದಕ್ಕೆ ಸುಮ್ನೆ ಖರ್ಚು. ಪೇಂಟ್, ಗಾಜಿನ ಹೊಳಪನ್ನು ಅದು ತಗ್ಗಿಸುತ್ತದೆ, ಬರೀ ಲೋಹದ ಮೇಲೆ ಅದರ ಆಟ ನಡೆಯಲ್ಲ.

ಮರದ ಕೆಳಗಿದ್ದರೆ ಎಲೆಗಳ ಮಚ್ಚೆ ಬೀಳಬಹುದು. ಆಗ ಬೈಕಿನವರಿಗೆ ಹೇಳಿ ಕಾಂಪೌಂಡ್ ನೆರಳಿಗೆ ತಳ್ಳಿಸಿ.